ಗುಳಿಗಿ ಲೆಕ್ಕಕ್ಕ ಕ್ರಾಸಿಂಗ್

ಗುಳಿಗಿ ನುಂಗಿದ ಮ್ಯಾಲೆ ಅದರಾಗ ಎಷ್ಟು ರಕ್ತಕ್ಕ ಸೇರ್ತೈತಿ ಅಂತ ಕಂಪ್ಯೂಟರಿನಿಂದ ಮುಂಚೇನ ಹೇಳಿಸೋದು ನನ್ನ ಪಿಎಚ್‌ಡಿ ವಿಷಯ. ಇದನ್ನ ಯಾರಿಗೆ ಬಿಡಿಸಿ ಹೇಳಾಕ ಹೋದ್ರೂ ಒಂದು ಫಜೀತಿ ಆಗೇ ಆಗ್ತೈತಿ. ಹಂಗಂತ ಬಿಡಾಕೂ ಬರಂಗಿಲ್ಲ. ಪದವಿ ಸಿಕ್ಕರಷ್ಟೇ ನಾ ಕಲಿಸೋ ಫಾರ್ಮಸಿ ಕಾಲೇಜಿನ್ಯಾಗ ನೌಕರಿ ಕಾಯಂ.

ಅವ್ವನ ಚಿಂತಿ

ರಾಣೆಬೆನ್ನೂರಿನ ನಮ್ಮ ಮನ್ಯಾಗ ಅವ್ವ ಕೇಳಿದ್ಲು, "ದಿನಾ ಆ ಕಂಪ್ಯೂಟರ್ ಮುಂದ ಕುಂತು ಏನ್ ಮಾಡ್ತೀಯೋ?"

"ನಮ್ಮ ಕಡೆ ಹತ್ತಿ ಬೀಜಕ್ಕ ಗಂಡು ಹೂವು ಹೆಣ್ಣು ಹೂವು ಕೂಡಿಸಿ ಕ್ರಾಸಿಂಗ್ ಮಾಡ್ತಾರಲ್ಲಬೇ, ಹಂಗ. ಕಂಪ್ಯೂಟರಿನ್ಯಾಗ ನೂರಾರು ಸೂತ್ರ ಬಿಡ್ತೀನಿ. ಗುಳಿಗಿಯ ಖರೇ ಲೆಕ್ಕಕ್ಕ ತಾಳೆ ಆಗದವನ್ನ ಒಗದು, ಚಲೋವನ್ನ ಜೋಡಿ ಮಾಡ್ತೀನಿ. ಅವಕ್ಕ ಹುಟ್ಟಿದ ಮರಿಗಳೊಳಗ ಮತ್ತ ಚಲೋವನ್ನ ಆರಸ್ತೀನಿ."

ಅವ್ವ ಹಣಿ ಬಡಕೊಂಡ್ಲು. "ನಿನಗೊಂದು ಜೋಡಿ ಹುಡುಕಿ ನನ್ನ ಚಪ್ಪಲಿ ಸವದು ಹೋದ್ವು. ನೀ ಇಲ್ಲಿ ಲೆಕ್ಕಕ್ಕ ಲಗ್ನ ಮಾಡಾಕತ್ತೀಯಾ!"

ಬ್ಯಾಡಗಿ ಅತ್ತಿ

ಬ್ಯಾಡಗಿಯೊಳಗ ನಮ್ಮ ಸೋದರತ್ತಿ ಇದ್ದಾಳ. ಅಕಿ ಮನಿಗೆ ಹೋದಾಗ ಮೆಣಸಿನಕಾಯಿ ತೊಟ್ಟು ಬಿಡಿಸಿಕೋಂತ ಕುಂತಿದ್ಲು. ಕೇಳಿದ್ಲು, "ನನ್ನ ಬಿಪಿ ಗುಳಿಗಿ ಪೂರಾ ಒಳಗ ಸೇರ್ತೈತೇನೋ?"

"ಇಲ್ಲತ್ತಿ, ಅರ್ಧಾನ ಸೇರಬಹುದು. ಆ ಲೆಕ್ಕ ಹಿಡದ ಗುಳಿಗಿ ಮಾಡಿರ್ತಾರ, ನೀ ಚಿಂತಿ ಮಾಡಬ್ಯಾಡ."

ಅತ್ತಿ ಹೊರಗ ಕಟ್ಟಿಮ್ಯಾಲೆ ಕುಂತ ಮಾಮಾನ ಕಡೆ ಕೈ ಮಾಡಿದ್ಲು. "ಖರೇ ಐತಿ ಬಿಡು. ಇವರಿಗೆ ನಾ ಎಲ್ಲಾ ಎರಡೆರಡು ಸಲ ಹೇಳೋದು ಅದಕ್ಕ."

ಅಪ್ಪನ ಸಾಕ್ಷಿ

ಹಾವೇರಿಯೊಳಗ ನನ್ನ ವೈವಾ, ಅಂದ್ರ ಪಿಎಚ್‌ಡಿಯ ಬಾಯಿಪರೀಕ್ಷಾ. ಯಾರು ಬೇಕಾದ್ರೂ ಬಂದು ಕೇಳಬಹುದು ಅಂದಿದ್ದಕ್ಕ ಅಪ್ಪ ಇಸ್ತ್ರಿ ಧೋತರ ಉಟ್ಟು ಹಿಂದಿನ ಬೆಂಚಿನ್ಯಾಗ ಕುಂತಿದ್ದ. ಪರೀಕ್ಷಾ ಮಾಡಾಕ ಬಂದ ಸಾಹೇಬ್ರು ಭಾಳ ಖಡಕ್. ಸರಿ ಉತ್ತರ ಬರಲಿಲ್ಲಂದ್ರ ತಿರುಗಿ ಕಳಸ್ತಾರ ಅಂತ ಮೊದಲ ಕೇಳಿದ್ದೆ.

"ಈ ಸೂತ್ರಗಳ ಸಂತಾನ ಹುಟ್ಟಿಸೋದನ್ನ ಯಾವಾಗ ನಿಲ್ಲಸ್ತೀರಿ?" ಅಂದ್ರು.

"ಮರಿ ಹಿರೇರಿಗಿಂತ ಚಲೋ ಹುಟ್ಟೋದು ನಿಂತಾಗ್ರಿ."

"ಮುಂದಿಂದು ಚಲೋ ಹುಟ್ಟಬಹುದಲ್ಲ?"

ನಾ ಪ್ರಬಂಧದ ಹಾಳಿ ತಿರುವಾಕ ಹತ್ತಿದೆ. ಅಷ್ಟರಾಗ ಹಿಂದಿನಿಂದ ಅಪ್ಪ ಎದ್ದು ನಿಂತ.

"ನಮಗೂ ಹಂಗ ಅನ್ನಿಸಿತ್ರಿ ಸಾಹೇಬ್ರ. ಇಂವ ನಮ್ಮ ಹಿರೇ ಮಗ. ಇವನ ಹಿಂದ ಚಲೋದು ಹುಟ್ಟೀತು ಅಂತ ಇನ್ನೂ ಮೂರು ಹಡದ್ವಿ."

ಶಿವನೇ, ನೌಕರಿ ಹೋತು ಅಂದ್ಕೊಂಡೆ. ಸಾಹೇಬ್ರು ಕನ್ನಡಕ ತಗದ್ರು. "ಹುಟ್ಟಿದ್ವೇನ್ರಿ?"

"ಇಲ್ರಿ. ಕೊನಿಗೆ ಇವನೇ ಅಡ್ಡಿಯಿಲ್ಲ ಅಂತ ಇವನ್ನ ಓದಿಸಿದ್ವಿ."

"ಉತ್ತರ ಬಂತು" ಅಂತ ಸಾಹೇಬ್ರು ನಕ್ಕೋಂತನ ಪಾಸ್ ಅಂತ ಸಹಿ ಹಾಕಿದ್ರು.