ಸರೋಜಮ್ಮನ ಮೂರನೆಯ ಗಂಟು

ನಾಚಿಕೆಯ ವಿಷಯವನ್ನು ಪಠ್ಯಕ್ಕೆ ಸೇರಿಸಿದರೆ ನಾಚಿಕೆ ಹೋಗುತ್ತದೆ ಎಂದು ಯಾರು ನಂಬಿದರೋ, ನಮ್ಮನ್ನಂತೂ ಕೇಳಿರಲಿಲ್ಲ. ನಾನು ನರ್ಸಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ. ಸ್ತನ ಸ್ವಪರೀಕ್ಷೆಯ ಬಗ್ಗೆ ಚಿತ್ರಸಹಿತ ನಾಲ್ಕು ಪುಟ ಬರೆಯಬಲ್ಲೆ. ಆದರೆ ಒಳಉಡುಪನ್ನು ಟವೆಲ್ಲಿನಡಿ ಬಚ್ಚಿಟ್ಟು ಒಣಗಿಸುವ ಮನೆಯಲ್ಲಿ ಬೆಳೆದವಳು. ಆ ಪರೀಕ್ಷೆ ಬೇರೆಯವರಿಗಾಗಿ ಇರುವುದೆಂದೇ ತಿಳಿದಿದ್ದೆ.

ಕಾಲೇಜಿನಲ್ಲಿ ಇದಕ್ಕೆಂದೇ ಒಂದು ರಬ್ಬರಿನ ಎದೆಯಿದೆ. ನಾವಿಟ್ಟ ಹೆಸರು ಸರೋಜಮ್ಮ. ಒಳಗೆ ಹುದುಗಿಸಿರುವ ಗಂಟುಗಳನ್ನು ಹುಡುಕಿದರೆ ಪ್ರಾಕ್ಟಿಕಲ್ಸ್ ಪಾಸು. ಬಲಗಡೆ ಕಂಕುಳ ಹತ್ತಿರ ಒಂದು, ಎಡಗಡೆ ಕೆಳಗೊಂದು ಎಂದು ಸೀನಿಯರ್‌ಗಳು ಮೊದಲೇ ಪಿಸುಗುಟ್ಟಿರುತ್ತಾರೆ. ಪರೀಕ್ಷೆಯ ದಿನ ಮುಖ ಗಂಭೀರ ಮಾಡಿಕೊಂಡು, ಶಾಸ್ತ್ರಕ್ಕೆ ಅತ್ತಿತ್ತ ಸವರಿ, ನೇರ ಅಲ್ಲಿಗೇ ಹೋಗುತ್ತೇವೆ. ನನ್ನದು ಸೂಕ್ಷ್ಮ ಬೆರಳು ಎಂದು ಮೇಡಂ ಹೊಗಳಿದ್ದೂ ಉಂಟು.

ಹೋದ ತಿಂಗಳು ಲಗ್ಗೆರೆಯಲ್ಲಿ ಹೆಂಗಸರ ಆರೋಗ್ಯ ಶಿಬಿರ. ಸರೋಜಮ್ಮನನ್ನು ಡಬ್ಬದಲ್ಲಿಟ್ಟು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡಿದ್ದೆ. ಪಕ್ಕದ ಹೆಂಗಸು "ಕೇಕಾಮ್ಮಾ?" ಎಂದರು. ಹೂಂ ಎಂದುಬಿಟ್ಟೆ. ಶಿಬಿರದಲ್ಲಿ "ಮೂರು ಬೆರಳಿನ ತುದಿಯ ಮೆತ್ತನೆ ಭಾಗದಿಂದ ಸಣ್ಣ ಸುತ್ತು, ಮೊದಲು ಹಗುರ, ಆಮೇಲೆ ಒತ್ತಿ, ಒಂದಿಂಚೂ ಬಿಡದೆ" ಎಂದು ಬಾಯಿಪಾಠ ಒಪ್ಪಿಸಿದೆ. ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಕೆಲಸದ ಲಕ್ಷ್ಮಕ್ಕ, ಪಾಪ, ಅದನ್ನು ನಂಬಿ ಸರೋಜಮ್ಮನ ಮೇಲೆ ಹಾಗೆಯೇ ಮಾಡಿದರು.

"ಮೂರೈತೆ ಕಣಮ್ಮ."

"ಎರಡೇ ಅಕ್ಕಾ."

"ಇಲ್ಲಿ ಒತ್ತಿ ನೋಡು. ದಿನಾ ಷರ್ಟ್ ಸವರಿ ಡ್ಯಾಮೇಜ್ ಹುಡ್ಕೋಳು ನಾನು, ನಂಗೇ ಹೇಳ್ತೀಯಾ?"

ಒತ್ತಿದೆ. ಆಳದಲ್ಲಿ ಕಡಲೆಕಾಳಿನಷ್ಟು ಇತ್ತು. ಇಡೀ ಕಾಲೇಜು ದಾಟಿಹೋದ ಗಂಟು.

"ಮನೇಲಿ ನೀನು ನೋಡ್ಕೋತೀಯಾ ತಾನೆ?"

"ತಿಂಗಳು ತಿಂಗಳೂ."

"ಹಿಂಗೇನಾ?" ಎಂದರು. ಎಲ್ಲರೂ ನಕ್ಕರು. ನನಗೆ ಮಾತ್ರ ಬೇರೆ ಯೋಚನೆ ಬಂತು. ನನ್ನಲ್ಲೇ ಒಂದು ಇದ್ದರೆ?

ಬಸವೇಶ್ವರನಗರದ ಮನೆಗೆ ಬಂದವಳೇ ಕೋಣೆಯ ಚಿಲಕ ಹಾಕಿದೆ. ಬೆರಳು ತಾನಾಗಿ ಬಲಗಡೆ ಕಂಕುಳ ಹತ್ತಿರ ಹೋಯಿತು, ಆಮೇಲೆ ಎಡಗಡೆ ಕೆಳಗೆ. ಏನೂ ಸಿಗಲಿಲ್ಲ. ನೆಮ್ಮದಿಯಾಗುವ ಬದಲು ಫೇಲಾದೆನಲ್ಲಾ ಎನಿಸಿತು! ನಾಚಿಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದೆ, ಲಕ್ಷ್ಮಕ್ಕನ ಹಾಗೆ, ನಿಧಾನವಾಗಿ.

"ಏನೇ ಅದು ಬಾಗಿಲು ಹಾಕ್ಕೊಂಡು?" ಅಮ್ಮ ಕದ ಬಡಿದಳು.

"ಓದ್ತಾ ಇದೀನಮ್ಮ."

ಈ ಸಲ ಏನೂ ಸಿಗದಿದ್ದಕ್ಕೆ ನೆಮ್ಮದಿಯಿಂದ ಕಣ್ಣು ಒದ್ದೆಯಾಯಿತು. ಮುಂದಿನ ತಿಂಗಳು ಅಮ್ಮನನ್ನೂ ಒಳಗೆ ಕರೆಯಬೇಕು, ಧೈರ್ಯ ಬಂದರೆ.

ಮೂರನೆಯ ಗಂಟಿನ ಸುದ್ದಿಯನ್ನು ಕಾಲೇಜಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಜೂನಿಯರ್‌ಗಳು ಅದನ್ನೂ ಬಾಯಿಪಾಠ ಮಾಡುತ್ತಾರೆ ಎಂಬುದು ನಾನು ಕೊಟ್ಟುಕೊಂಡ ಕಾರಣ. ಮೇಡಂ ನನ್ನ ಅಂಕ ವಾಪಸ್ ಕೇಳಿಯಾರು ಎಂಬುದು ನಿಜವಾದ ಕಾರಣ.