ಶನಿವಾರದೊಳಗೆ ಕರಗಿಕೊಡಬೇಕೆಂದು ಸುಣ್ಣದ ಕಲ್ಲಿನವರಲ್ಲಿ ಅರಿಕೆ

ಸನ್ಮಾನ್ಯ ಸುಣ್ಣದ ಕಲ್ಲಿನವರೇ,

ಬೆಟ್ಟದ ಕ್ವಾರಿಯಿಂದ ನಮ್ಮ ವಿದ್ಯುತ್ ಸ್ಥಾವರದವರೆಗೆ ಲಾರಿಯಲ್ಲಿ ಕುಲುಕಾಡಿಕೊಂಡು ಬಂದು, ಗಿರಣಿಯಲ್ಲಿ ಹಿಟ್ಟಾಗಿ, ಈಗ ಹೊಗೆ ತೊಳೆಯುವ ಗೋಪುರದ ತಳದಲ್ಲಿ ಹಾಯಾಗಿ ಬಿಡಾರ ಹೂಡಿರುವ ತಮಗೆ, ಅದೇ ಗೋಪುರದ ಪಾಳಿ ಮೇಲ್ವಿಚಾರಕ ಸ್ರೆಟೆನ್ ತಲೆಬಾಗಿ ಮಾಡುವ ವಂದನೆಗಳು. ತಾವು ಕ್ಷೇಮವೆಂದು ಬಲ್ಲೆ. ನಿನ್ನೆ ತಳದ ಕೆಸರನ್ನು ಬಗೆದು ನೋಡಿದಾಗ ತಾವು ಬಂದ ಹಾಗೇ ಇದ್ದಿರಿ.

ತಮಗೆ ತಮ್ಮ ಕೆಲಸ ಹೇಳಿಕೊಡುವುದು ಅಧಿಕಪ್ರಸಂಗವಾದೀತು. ಆದರೂ ಕಲ್ಲಿದ್ದಲ ಹೊಗೆಯಲ್ಲಿರುವ ಗಂಧಕ ನೀರಿಗಿಳಿದು ಹುಳಿಯಾದಾಗ, ತಾವು ಆ ಹುಳಿಯಲ್ಲಿ ಕರಗಿ, ಗಂಧಕವನ್ನು ಹಿಡಿದುಕೊಂಡು ಜಿಪ್ಸಂ ಆಗಿ ತಳ ಸೇರುವುದು ವಾಡಿಕೆ. ತಾವು ಕರಗದಿದ್ದರೆ ಆ ಗಂಧಕ ಚಿಮಣಿ ಹತ್ತಿ ಸೀದಾ ನಮ್ಮ ಓಣಿಗೆ ಇಳಿಯುತ್ತದೆ. ಆ ಓಣಿಯಲ್ಲಿ ನನ್ನ ತಾಯಿ ದೆಸಾಂಕಾ ಇದ್ದಾರೆ, ಅವರಿಗೆ ಉಬ್ಬಸ ಇದೆ, ಮತ್ತು ಬರುವ ಶನಿವಾರ ನಮ್ಮ ಅಂಗಳದಲ್ಲೇ ನನ್ನ ಮಗಳು ದ್ರಗಿನ್ಯಾಳ ಮದುವೆ ಇದೆ. ಮೊನ್ನೆ ತಾಯಿ ನನ್ನನ್ನು ಕರೆದು, "ಸ್ರೆಟೆನ್, ಆ ಕಲ್ಲಿಗೆ ಸ್ವಲ್ಪ ಹೇಳೋ. ಮೊಮ್ಮಗಳ ಮದುವೇನ ನಾನು ಹೊರಗೆ ಕೂತು ನೋಡ್ಬೇಕು," ಎಂದರು. ಅದಕ್ಕೇ ಈ ಪತ್ರ.

ತಮ್ಮ ಉಪಚಾರದಲ್ಲಿ ನಾನು ಕೊರತೆ ಮಾಡಿಲ್ಲ. ಬೇಡವೆಂದ ಅತಿಥಿಯ ತಟ್ಟೆಗೇ ಇನ್ನೊಂದು ತುಂಡು ಹಂದಿಮಾಂಸ ಬಡಿಸುವ ಸೆರ್ಬಿಯಾದವರು ನಾವು. ನೀರಿನ ಹುಳಿ ಇಳಿಯದಿದ್ದಾಗ ನಾನೂ ಅದೇ ಮರ್ಯಾದೆಯಿಂದ ಇನ್ನೊಂದು ಲಾರಿ ಕಲ್ಲು ಸುರಿಸಿದೆ, ಆಮೇಲೆ ಮತ್ತೊಂದು. ತಮ್ಮ ಬಂಧುಬಳಗವೆಲ್ಲ ಬಂದು ಸೇರಿತು, ಪಂಪು ಕಟ್ಟಿಕೊಂಡಿತು, ಹುಳಿ ಮಾತ್ರ ಜಪ್ಪಯ್ಯ ಎಂದರೂ ಇಳಿಯಲಿಲ್ಲ. ಅಬ್ಬಾ, ತಮ್ಮ ಸ್ಥೈರ್ಯವೇ! ಮಂತ್ರಿಗಳು ಕೂಡ ಕುರ್ಚಿಯಲ್ಲಿ ಇಷ್ಟು ಗಟ್ಟಿಯಾಗಿ ಕೂತದ್ದನ್ನು ನಾನು ಕಂಡಿಲ್ಲ.

ಕೊನೆಗೆ ಪ್ರಯೋಗಾಲಯದವರು ತಮ್ಮನ್ನು ಪರೀಕ್ಷಿಸಿ, ತಾವು ಮೈತುಂಬ ಕೋಟು ತೊಟ್ಟಿರುವುದಾಗಿ ತಿಳಿಸಿದರು. ಹೊಗೆಯಲ್ಲಿ ಬಂದ ಬೂದಿ ನೀರಿಗೆ ಬಿದ್ದು, ತಮ್ಮ ಒಂದೊಂದು ಕಣಕ್ಕೂ ಗಾರೆ ಬಳಿದ ಹಾಗೆ ತೆಳುವಾಗಿ ಅಂಟಿಕೊಂಡಿದೆಯಂತೆ. ಹುಳಿ ಒಳಗೆ ಹೋಗುವಂತಿಲ್ಲ, ತಾವು ಹೊರಗೆ ಬರುವಂತಿಲ್ಲ. ಬೂದಿ ಯಾಕೆ ಬಂತೆಂದರೆ, ನಮ್ಮ ನಿರ್ದೇಶಕ ಗ್ವೋಜ್ದೆನ್ ಅವರು ಕರೆಂಟು ಉಳಿಸಲೆಂದು ಬೂದಿ ಹಿಡಿಯುವ ಯಂತ್ರವನ್ನು ಅರ್ಧ ಆರಿಸಿಟ್ಟಿದ್ದಾರೆ. ಕರೆಂಟು ಹುಟ್ಟುವ ಜಾಗದಲ್ಲೇ ಕರೆಂಟಿನ ಬಗ್ಗೆ ಇಂಥ ಕಾಳಜಿ! ನಾನು ಹೋಗಿ ಕೇಳಿಕೊಂಡೆ. ಕಲ್ಲಿನ ವಿಷಯದಲ್ಲಿ ತಾಳ್ಮೆ ಬೇಕು ಎಂದು ನನಗೆ ಬುದ್ಧಿ ಹೇಳಿ ಕಳಿಸಿದರು.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಕೋಟನ್ನು ತಾವೇ ಕಳಚಿಡಬೇಕು, ಇಲ್ಲವೇ ಕೋಟಿನ ಸಮೇತ ಕರಗಬೇಕು. ಅದೂ ಆಗದಿದ್ದರೆ ಶನಿವಾರ ಒಂದು ದಿನದ ಮಟ್ಟಿಗೆ ಗಾಳಿಯನ್ನು ಪಕ್ಕದ ಜಿಲ್ಲೆಯ ಕಡೆ ತಿರುಗಿಸಿಕೊಡಬೇಕು. ನನ್ನ ತಾಯಿಗೆ ಇನ್ನೊಬ್ಬ ಮೊಮ್ಮಗಳಿಲ್ಲ.

ತಮ್ಮ ಕರಗುವಿಕೆಯನ್ನೇ ನಂಬಿ ಕೂತಿರುವ,
ತಮ್ಮ ವಿಶ್ವಾಸಿ,
ಸ್ರೆಟೆನ್

ತಾ.ಕ.: ಈ ಪತ್ರ ಇನ್ನೂ ಜೇಬಿನಲ್ಲಿರುವಾಗಲೇ ನನ್ನ ಹೆಂಡತಿ ರಾದೊಯ್ಕಾ ನಿರ್ದೇಶಕರ ಕಚೇರಿಗೆ ಹೋಗಿ ಬಂದಳು. ಆ ನಿರ್ದೇಶಕರೇ ಮದುಮಗನ ಸೋದರಮಾವ, ಅಂದರೆ ದಿಬ್ಬಣದ ಹಿರಿಯ. ನಮ್ಮ ಓಣಿಯ ಪದ್ಧತಿಯಂತೆ ಹಿರಿಯನಾದವನು ಕೊನೆಯ ನೆಂಟ ಏಳುವ ತನಕ ಜಾಗ ಬಿಟ್ಟು ಕದಲುವಂತಿಲ್ಲ. ಅವಳು ಹೇಳಿದ್ದು ಇಷ್ಟೇ: "ನಿಮ್ಮ ಕುರ್ಚಿ ಚಿಮಣಿ ಕಡೆಗೇ ಹಾಕಿಸಿದೀನಿ, ನಮ್ಮತ್ತೆ ಪಕ್ಕದಲ್ಲೇ. ಅವರಿಗೆ ಉಸಿರು ಕಟ್ಟಿದ್ರೆ ನೀವೇ ನೋಡ್ಕೋಬೇಕು." ಸಂಜೆಯೊಳಗೆ ಬೂದಿಯ ಯಂತ್ರ ಪೂರ್ತಿ ಚಾಲೂ ಆಯಿತು, ಬೂದಿ ಬೆರೆತ ನೀರನ್ನೂ ಬದಲಾಯಿಸಿದರು, ತಮ್ಮ ಕೋಟು ಕಳಚಿತು, ಇಂದು ಬೆಳಗ್ಗೆ ತಾವು ಸಕ್ಕರೆಯ ಹಾಗೆ ಕರಗುತ್ತಿದ್ದೀರಿ. ಹೊಗೆ ತಿಳಿಯಾಗಿದೆ, ಇನ್ನು ಕುರ್ಚಿಯನ್ನು ಬೇರೆ ಕಡೆ ಹಾಕಿಸಬಹುದಲ್ಲ ಎಂದು ನಿರ್ದೇಶಕರು ಹೇಳಿಕಳಿಸಿದ್ದರು. ತಾಯಿ ಒಪ್ಪಲಿಲ್ಲ.