ರೈಮೋನ ಸ್ವಯಂಸೇವಕರು

ತಪ್ಪಾದದ್ದು ಅಕ್ಷರದ ಗಾತ್ರದಲ್ಲಿ. ರೈಮೋ ತಮ್ಮ ಕಟ್ಟಡದ ಮೆಟ್ಟಿಲ ಬಳಿ ಅಂಟಿಸಿದ ಚೀಟಿಯಲ್ಲಿ 'ಭಾನುವಾರ ಬನ್ನಿ, ಕೈಜೋಡಿಸಿ, ಕಾಫಿ-ಸಾಸೇಜ್ ಉಂಟು' ಎಂಬುದು ದಪ್ಪಕ್ಷರದಲ್ಲಿತ್ತು. 'ಮೊಬೈಲ್ ತಂತ್ರಾಂಶ ಬರೆಯಲು ಸ್ವಯಂಸೇವಕರು ಬೇಕು' ಎಂಬುದು ಇರುವೆ ಸಾಲಿನ ಹಾಗೆ ಕೆಳಗೆಲ್ಲೋ ಹರಿದಿತ್ತು.

ಕಂಪನಿಗಳು ಕೈಬಿಟ್ಟ ಹಳೆಯ ಫೋನುಗಳಿಗೆ ಮರುಜೀವ ಕೊಡುವ ಮುಕ್ತ ತಂತ್ರಾಂಶ ಅವನದು. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಬಿಟ್ಟಿ ಬಳಸಬಹುದು. ಬಳಸುವವರು ದೇಶದೇಶಗಳಲ್ಲಿದ್ದರು; ತಿದ್ದುವವನು ಮಾತ್ರ ತಾಂಪೆರೆ ಊರಿನ ಈ ರೈಮೋ ಒಬ್ಬನೇ. ದುಡಿದು ದುಡಿದು ಹೈರಾಣಾಗಿದ್ದ. ಜೊತೆಗೊಬ್ಬರು ಸಿಗದಿದ್ದರೆ ಈ ವಸಂತಕ್ಕೇ ಎಲ್ಲ ನಿಲ್ಲಿಸಿಬಿಡುವುದೆಂದು ತೀರ್ಮಾನಿಸಿದ್ದ.

ಭಾನುವಾರ ಕಟ್ಟಡದ ಕೂಟದ ಕೋಣೆಯ ಬಾಗಿಲು ತೆರೆದರೆ ಹಿಡಿಸದಷ್ಟು ಜನ! ಎಲ್ಲರ ಕೈಯಲ್ಲೂ ಎಲೆ ಬಾಚುವ ಕೋಲು; ವಸಂತ ಬಂತೆಂದರೆ ಕಟ್ಟಡದವರೆಲ್ಲ ಸೇರಿ ಅಂಗಳ ಗುಡಿಸುವುದು ಅಲ್ಲಿನ ವಾಡಿಕೆ, ಕಾಫಿ-ಸಾಸೇಜೇ ಅದರ ಕೂಲಿ.

"ಅಂಗಳ ಎಲ್ಲಿಂದ ಗುಡಿಸೋಣ?" ಎಂದಳು ಕೆರ್ಟ್ಟು. ಯಾರೂ ಕೊಡದಿದ್ದರೂ ಕಟ್ಟಡದ ಯಜಮಾನಿಕೆಯನ್ನು ತಾನೇ ವಹಿಸಿಕೊಂಡಿದ್ದ ಮುದುಕಿ ಆಕೆ.

"ಅಂಗಳ ಅಲ್ಲ ಅಜ್ಜಿ, ತಂತ್ರಾಂಶ! ಯಾರಿಗಾದ್ರೂ ಬರೆಯೋಕೆ ಬರುತ್ತಾ?"

"ಬರದೆ ಏನು? ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ," ಎಂದ ಎದುರುಮನೆಯ ಉರ್ಹೊ.

ರೈಮೋನ ಮುಖ ಆರಿದ ಕಾಫಿಯಂತಾಯಿತು. ಕೆರ್ಟ್ಟುಗೆ ಕನಿಕರ ಬಂತು. "ಸಪ್ಪಗಾಗ್ಬೇಡಯ್ಯ. ತಿನ್ನೋ ಸಾಸೇಜಿಗಾದ್ರೂ ದುಡೀಬೇಕಲ್ಲ? ನಮ್ಮ ಹಳೇ ಫೋನ್‌ಗಳಿಗೆ ನಿನ್ನ ಅದೇನೋ ಹಾಕು. ಪರೀಕ್ಷೆ ಮಾಡಿ ಹೇಳ್ತೀವಿ."

ಜನ ಓಡಿಹೋಗಿ ಮೂಲೆಗೆಸೆದ ಫೋನುಗಳನ್ನೆಲ್ಲ ಹೊತ್ತು ತಂದರು. ಸತ್ತವು ಒಂದೊಂದಾಗಿ ಕಣ್ಣು ಬಿಟ್ಟಾಗ ಚಪ್ಪಾಳೆಯೋ ಚಪ್ಪಾಳೆ. ರೈಮೋ ಉಬ್ಬಿಹೋದ. ಆ ಉಬ್ಬಿನಲ್ಲಿ, ಪರೀಕ್ಷೆಗೆಂದು ತಂತ್ರಾಂಶದೊಳಗೆ ತಾನು ಇಟ್ಟಿದ್ದ ಅಲಾರಂ ತೆಗೆಯಲು ಮರೆತದ್ದು ಅವನಿಗೆ ನೆನಪಾಗಲಿಲ್ಲ.

ಇದ್ದಕ್ಕಿದ್ದಂತೆ ಅಷ್ಟೂ ಫೋನುಗಳು ಹಿಂಡು ಕತ್ತೆಗಳಂತೆ ಅರಚತೊಡಗಿದವು. ನಿಲ್ಲಿಸುವ ಗುಂಡಿ ಒತ್ತಿದರೆ ಇನ್ನೂ ಜೋರು. ಒಬ್ಬರು ತಮ್ಮದನ್ನು ಫ್ರಿಜ್ಜಿಗೆ ತುರುಕಿದರು. ಕೆರ್ಟ್ಟು ತನ್ನದನ್ನು ದಿಂಬಿನಡಿ ಹಾಕಿ ಮೇಲೆ ಕೂತಳು.

"ಅಯ್ಯೋ, ಕೂತ್ರೂ ಕಿರುಚ್ತದಲ್ಲೋ ಇದು!"

ಉರ್ಹೊ ತನ್ನದನ್ನು ಹಿಡಿದು ಓಡಿ, ಕಟ್ಟಡದ ಬಿಸಿಹಬೆ ಸ್ನಾನದ ಕೋಣೆಯಾದ ಸೌನಾದ ಬಾಗಿಲು ಸಂದು ಮಾಡಿ, ಒಳಗೆಸೆದು ಬಂದ. ರೈಮೋ ಕಂಪ್ಯೂಟರಿನ ಮುಂದೆ ಬೆವರುತ್ತ ತಡಕಾಡಿದ; ತಪ್ಪು ಕಾಣಿಸಲೊಲ್ಲದು.

ಅಷ್ಟರಲ್ಲಿ ಬಾಗಿಲು ದಢಾರನೆ ತೆರೆಯಿತು. ಸ್ನಾನದ ನಿಲುವಂಗಿಯಲ್ಲಿ, ಟೊಮೇಟೊದಂತೆ ಕೆಂಪಾದ ಹೆಂಗಸೊಬ್ಬಳು, ಕೈಯಲ್ಲಿ ಅರಚುತ್ತಿದ್ದ ಉರ್ಹೊನ ಫೋನು. ಮೂರನೇ ಮಹಡಿಗೆ ಹೊಸದಾಗಿ ಬಂದಿದ್ದ ಸಿನಿಕ್ಕ.

"ನೆಮ್ಮದಿಯಾಗಿ ಬೆವರ್ತಾ ಕೂತಿದ್ರೆ, ಇದನ್ನ ನನ್ನ ಕಾಲ ಮೇಲೆ ಎಸೆದ ಪುಣ್ಯಾತ್ಮ ಯಾರು?"

ಉರ್ಹೊ ಪರದೆಯ ಹಿಂದೆ ಮಾಯವಾದ. ಬೈಯಲೆಂದು ರೈಮೋನತ್ತ ನುಗ್ಗಿದ ಸಿನಿಕ್ಕ ಕಂಪ್ಯೂಟರಿನೆದುರು ನಿಂತುಬಿಟ್ಟಳು.

"ಇದೇನ್ರೀ? 'ನಿಲ್ಲಿಸು' ಅಂದ್ರೆ 'ಮತ್ತೆ ಶುರುಮಾಡು' ಅಂತ ಬರ್ದಿದೀರಲ್ಲ! ಸರೀರಿ ಆಚೆ."

ಪಟಪಟನೆ ತಿದ್ದಿದಳು. ಒಂದೊಂದೇ ಫೋನನ್ನು ಕಂಪ್ಯೂಟರಿಗೆ ಚುಚ್ಚಿದ ಹಾಗೆ ಒಂದೊಂದೇ ಬಾಯಿ ಮುಚ್ಚಿತು. ಫ್ರಿಜ್ಜಿನದು ಕೊನೆಯದು. ಅದೂ ನಿಂತಾಗ ಕೋಣೆಯೆಲ್ಲ "ಹೋ!" ಎಂದು ಕುಣಿಯಿತು.

ರೈಮೋ ಕೈಮುಗಿಯುವುದೊಂದು ಬಾಕಿ. "ನಿಮ್ಮಂಥವರಿಗೇ ಕಾಯ್ತಿದ್ದೆ! ನನ್ನ ಜೊತೆ ಸೇರ್ಕೊಳ್ತೀರಾ? ವಾರಕ್ಕೆ ಎರಡೇ ಸಂಜೆ?"

"ಖಂಡಿತ!" ಎಂದು ಸಿನಿಕ್ಕ ಅವನ ಕೈ ಗಟ್ಟಿಯಾಗಿ ಹಿಡಿದಳು. "ಆದ್ರೆ ಮುಯ್ಯಿಗೆ ನೀವೂ ನನಗೆ ಎರಡು ಸಂಜೆ ಕೊಡ್ಬೇಕು. ಕಾಡಲ್ಲಿ ಅಣಬೆ ಸಿಗೋ ಜಾಗಗಳ ನಕ್ಷೆ ಫೋನಲ್ಲಿ ತೋರಿಸೋ ತಂತ್ರಾಂಶ, ಅದೂ ಮುಕ್ತವೇ. ನಾನೂ ಒಬ್ಳೇ ಒದ್ದಾಡ್ತಿದೀನಿ. ಯಾರೂ ಗತಿಯಿಲ್ಲ."

ಎರಡು ಬಂತು, ಎರಡು ಹೋಯಿತು. ರೈಮೋಗೆ ಲೆಕ್ಕ ಅರ್ಥವಾಯಿತು. ಆದರೂ ಅವನ ಮುಖ ಯಾಕೋ ಬೆಳಗುತ್ತಲೇ ಇತ್ತು.

ಬಿಸಿ ಕಾಫಿ ಹಿಡಿದು ಬಂದ ಕೆರ್ಟ್ಟು ಕೇಳಿದಳು: "ಅಂತೂ ಸ್ವಯಂಸೇವಕರು ಸಿಕ್ಕಿದ್ರಾ?"

"ನನಗೊಬ್ಬ ಸಿಕ್ಕಿದ, ಅಜ್ಜಿ!" ಎಂದಳು ಸಿನಿಕ್ಕ, ರೈಮೋನ ಕೈಯನ್ನು ಗೆದ್ದವರ ಕೈಯಂತೆ ಮೇಲಕ್ಕೆತ್ತಿ.